ಪಣಂಬೂರಿನಿಂದ ಕಾರವಾರದವರೆಗೆ: ಸೇನೆಯ ವೈದ್ಯರು ಎಲ್ಲೆಲ್ಲಿ ಇರುತ್ತಾರೆ?

2025ರ ಜೂನ್ 9ರ ರಾತ್ರಿ ನೌಕಾಪಡೆಯ ಐಎನ್‌ಎಸ್ ಸೂರತ್ ಪಣಂಬೂರಿನ ನವಮಂಗಳೂರು ಬಂದರಿಗೆ ಬಂದಾಗ ಅದರಲ್ಲಿ 18 ಮಂದಿ ವಿದೇಶಿ ನಾವಿಕರಿದ್ದರು. ಕೊಲಂಬೊದಿಂದ ಮುಂಬೈ ಬಳಿಯ ನಾವಾಶೇವಾಕ್ಕೆ ಹೊರಟಿದ್ದ ವಾನ್ ಹೈ 503 ಎಂಬ ಕಂಟೇನರ್ ಹಡಗಿನಲ್ಲಿ ಅಂದು ಬೆಳಿಗ್ಗೆ, ಉತ್ತರ ಕೇರಳದ ಕಡಲಾಚೆ, ಸ್ಫೋಟವಾಗಿ ಬೆಂಕಿ ಹತ್ತಿಕೊಂಡಿತ್ತು. ಹಡಗಿನಲ್ಲಿದ್ದ 22 ಜನರಲ್ಲಿ ನಾಲ್ವರು ಕಾಣೆಯಾದರು. ಉಳಿದು ಬಂದವರಲ್ಲಿ ಗಾಯಗೊಂಡವರಿದ್ದರು, ಇಬ್ಬರಿಗೆ ತೀವ್ರ ಸುಟ್ಟಗಾಯಗಳಾಗಿದ್ದವು. ಗಾಯಾಳುಗಳನ್ನು ಬಂದರಿನಿಂದ ಕುಂಟಿಕಾನದ ಎ.ಜೆ. ಆಸ್ಪತ್ರೆಗೆ ಸಾಗಿಸಲಾಯಿತು.

ಬೆಳಗಿನ ಸ್ಫೋಟಕ್ಕೂ ರಾತ್ರಿಯ ಆಂಬುಲೆನ್ಸಿಗೂ ನಡುವೆ ಒಂದಿಡೀ ಹಗಲು ಕಳೆದಿತ್ತು. ಸುಟ್ಟಗಾಯ ಆದವರಿಗೆ ಅಷ್ಟು ಹೊತ್ತು ಬಹಳ ದೀರ್ಘ. ಚರ್ಮ ಹೋದ ಕಡೆಯಿಂದ ಮೈಯ ದ್ರವ ಸೋರುತ್ತಲೇ ಇರುತ್ತದೆ; ಬಿಸಿ ಹೊಗೆ ಒಳಗೆ ಹೋಗಿದ್ದರೆ ಗಂಟಲು ಊದಿಕೊಂಡು ಉಸಿರಿನ ದಾರಿಯೇ ಮುಚ್ಚಬಹುದು. ಇಂಥ ಹೊತ್ತಿನಲ್ಲಿ ಹಡಗಿನ ವೈದ್ಯರು ಮಾಡಬೇಕಾದ್ದು ಹೆಚ್ಚೇನಿಲ್ಲ, ಆದರೆ ಅಷ್ಟನ್ನು ತಪ್ಪದೆ ಮಾಡಬೇಕು: ಗಾಯವನ್ನು ತಣಿಸಿ ಶುಭ್ರ ಬಟ್ಟೆಯಿಂದ ಮುಚ್ಚುವುದು, ಡ್ರಿಪ್ ಹಾಕುವುದು, ನೋವು ಇಳಿಸುವುದು, ಉಸಿರಾಟದ ಮೇಲೆ ಕಣ್ಣಿಟ್ಟು ಕೂರುವುದು. ಚರ್ಮ ಕಸಿ, ಪ್ಲಾಸ್ಟಿಕ್ ಸರ್ಜರಿ ಎಲ್ಲ ಆಮೇಲಿನ ಮಾತು. ನಗರದ ತಜ್ಞರ ಕೈಗೆ ರೋಗಿ ಜೀವಂತವಾಗಿ ಸಿಕ್ಕರೆ ತಾನೇ ಅದೆಲ್ಲ?

ಸೇನೆಯ ವೈದ್ಯಕೀಯ ವ್ಯವಸ್ಥೆ ನಿಂತಿರುವುದು ಇದೇ ಲೆಕ್ಕಾಚಾರದ ಮೇಲೆ. ಗಾಯಾಳು ಬಿದ್ದ ಜಾಗದಿಂದ ದೊಡ್ಡ ಆಸ್ಪತ್ರೆಯವರೆಗೆ ಹಂತ ಹಂತವಾಗಿ ಜನರನ್ನು ನಿಲ್ಲಿಸಿರುತ್ತಾರೆ. ಮುಂದಿನ ಹಂತಕ್ಕೆ ರೋಗಿ ಬದುಕಿ ತಲುಪಲು ಎಷ್ಟು ಬೇಕೋ ಅಷ್ಟನ್ನು ಪ್ರತಿಯೊಬ್ಬರೂ ಮಾಡಿ ಕೈ ದಾಟಿಸುತ್ತಾರೆ. ಸೇನಾ ವೈದ್ಯರು ಎಲ್ಲಿ ಕೆಲಸ ಮಾಡುತ್ತಾರೆ ಎಂಬ ಪ್ರಶ್ನೆಗೆ ಆಸ್ಪತ್ರೆಗಳ ಪಟ್ಟಿ ಕೊಟ್ಟರೆ ಅರ್ಧ ಉತ್ತರವಷ್ಟೇ ಆಗುತ್ತದೆ. ಉಳಿದರ್ಧ ಇರುವುದು ಹಡಗಿನ ಹೊಟ್ಟೆಯಲ್ಲಿ, ಹೆಲಿಕಾಪ್ಟರಿನ ನೆಲದ ಮೇಲೆ, ಹಿಮದ ಡೇರೆಯಲ್ಲಿ.

ಮಂಗಳೂರಿನಲ್ಲಿ ಸೇನಾ ಆಸ್ಪತ್ರೆ ಇಲ್ಲ. 1848ರಿಂದ ವೆನ್ಲಾಕ್, 1880ರಿಂದ ಫಾದರ್ ಮುಲ್ಲರ್, ಆಮೇಲೆ ಕೆಎಂಸಿ, ಅದರಾಚೆ ಸಾಲು ಸಾಲು ಖಾಸಗಿ ಆಸ್ಪತ್ರೆಗಳಿರುವ ಊರಿಗೆ ಆ ಕೊರತೆ ತಟ್ಟಿದ್ದೂ ಇಲ್ಲ. ಆದರೂ ಈ ಸರಪಳಿಯಲ್ಲಿ ಮಂಗಳೂರು ಗಟ್ಟಿಯಾದ ಕೊಂಡಿ. ಉತ್ತರಕ್ಕೆ ಕಾರವಾರದ ನೌಕಾ ಆಸ್ಪತ್ರೆ, ದಕ್ಷಿಣಕ್ಕೆ ಎಳಿಮಲದ ನೌಕಾ ಆಸ್ಪತ್ರೆ, ನಡುವೆ ದೊಡ್ಡ ಬಂದರು. ಜೊತೆಗೆ ಇಲ್ಲಿ ಆಳಸಮುದ್ರಕ್ಕೆ ಹೋಗುವ ಮೀನುಗಾರರಿದ್ದಾರೆ, ನಿವೃತ್ತ ಸೈನಿಕರ ಕುಟುಂಬಗಳಿವೆ, ನರ್ಸಿಂಗ್ ಓದಲು ಬಂದ ಮಕ್ಕಳಿದ್ದಾರೆ. ಈ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಈ ಊರಿನವರಿಗೆ ಗೊತ್ತಿರಲೇಬೇಕು.

ಮೂರು ಪಡೆ, ಒಂದೇ ವೈದ್ಯ ಸೇವೆ

ಭೂಸೇನೆ, ನೌಕಾಪಡೆ, ವಾಯುಪಡೆ ಮೂರಕ್ಕೂ ಸೇರಿ ಇರುವುದು ಸಶಸ್ತ್ರ ಪಡೆಗಳ ವೈದ್ಯಕೀಯ ಸೇವೆ, ಚುಟುಕಾಗಿ ಎಎಫ್‌ಎಂಎಸ್. 2024ರ ಅಕ್ಟೋಬರ್ 1ರಂದು ಇದರ ಮಹಾನಿರ್ದೇಶಕರಾಗಿ ಸರ್ಜನ್ ವೈಸ್ ಅಡ್ಮಿರಲ್ ಆರತಿ ಸರಿನ್ ಅಧಿಕಾರ ವಹಿಸಿಕೊಂಡರು. ಆ ಹುದ್ದೆಗೇರಿದ ಮೊದಲ ಮಹಿಳೆ ಅವರು. ವೈದ್ಯರು ಸೇರುವುದು ಆರ್ಮಿ ಮೆಡಿಕಲ್ ಕೋರ್‌ಗೆ. 1943ರ ಏಪ್ರಿಲ್ 3ರಂದು, ಎರಡನೆಯ ಮಹಾಯುದ್ಧದ ನಡುವೆ, ಬ್ರಿಟಿಷರ ಕಾಲದ ಬೇರೆ ಬೇರೆ ವೈದ್ಯ ಸೇವೆಗಳನ್ನು ಒಟ್ಟುಗೂಡಿಸಿ ಕಟ್ಟಿದ ದಳವಿದು. ದಂತವೈದ್ಯರಿಗೆ ಆರ್ಮಿ ಡೆಂಟಲ್ ಕೋರ್, ನರ್ಸಿಂಗ್ ಅಧಿಕಾರಿಗಳಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್. ಹೆಸರಿನಲ್ಲಿ ಆರ್ಮಿ ಎಂದಿದ್ದರೂ ಅವರನ್ನು ಹಡಗಿಗೂ ಕಳಿಸಬಹುದು, ವಾಯುನೆಲೆಗೂ ಕಳಿಸಬಹುದು. ಎಂಬಿಬಿಎಸ್ ಮುಗಿಸಿ ಸೇರಿದ ವೈದ್ಯರು ಭೂಸೇನೆಗೆ ಹೋದರೆ ಕ್ಯಾಪ್ಟನ್, ನೌಕಾಪಡೆಗೆ ಹೋದರೆ ಸರ್ಜನ್ ಲೆಫ್ಟಿನೆಂಟ್, ವಾಯುಪಡೆಗೆ ಹೋದರೆ ಫ್ಲೈಟ್ ಲೆಫ್ಟಿನೆಂಟ್.

ವೈದ್ಯರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಗಾಯಾಳುವಿನ ಬಳಿಗೆ ಮೊದಲು ಓಡುವವರು ಮಾತ್ರ ಹೆಚ್ಚಿನ ಸಲ ಬೇರೆಯವರು: ಭೂಸೇನೆಯ ನರ್ಸಿಂಗ್ ಅಸಿಸ್ಟೆಂಟ್‌ಗಳು, ನೌಕಾಪಡೆ ಮತ್ತು ವಾಯುಪಡೆಯ ಮೆಡಿಕಲ್ ಅಸಿಸ್ಟೆಂಟ್‌ಗಳು. ಪಿಯುಸಿಯಲ್ಲಿ ಜೀವವಿಜ್ಞಾನ ಓದಿ ಬಂದ ಹುಡುಗರಿವರು. ವೈದ್ಯರೇ ಇಲ್ಲದ ಸಣ್ಣ ಹಡಗಿನಲ್ಲಿ, ದೂರದ ಪೋಸ್ಟಿನಲ್ಲಿ, ಇಡೀ ತಂಡದ ಆರೋಗ್ಯ ಇವರೊಬ್ಬರ ಹೆಗಲ ಮೇಲಿರುತ್ತದೆ. ನಮ್ಮಲ್ಲಿ ಇವರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಡಗಿನೊಳಗಿನ ಸಿಕ್ ಬೇ

ಹಡಗಿನ ದವಾಖಾನೆಗೆ ಸಿಕ್ ಬೇ ಎನ್ನುತ್ತಾರೆ. ಗಸ್ತು ತಿರುಗುವ ಸಣ್ಣ ನೌಕೆಗಳಲ್ಲಿ ಅದು ಒಂದು ಪುಟ್ಟ ಕೋಣೆ, ನೋಡಿಕೊಳ್ಳಲು ಒಬ್ಬ ಮೆಡಿಕಲ್ ಅಸಿಸ್ಟೆಂಟ್. ಫ್ರಿಗೇಟ್, ಡೆಸ್ಟ್ರಾಯರ್‌ನಂಥ ದೊಡ್ಡ ಯುದ್ಧನೌಕೆಗಳು ದೂರ ಹೊರಟಾಗ ಒಬ್ಬ ವೈದ್ಯಾಧಿಕಾರಿ ಜೊತೆಗಿರುತ್ತಾರೆ. ವಿಮಾನವಾಹಕ ನೌಕೆಯ ಕಥೆಯೇ ಬೇರೆ. 2022ರ ಸೆಪ್ಟೆಂಬರ್ 2ರಂದು ಸೇವೆಗೆ ಸೇರಿದ ಐಎನ್‌ಎಸ್ ವಿಕ್ರಾಂತ್‌ನಲ್ಲಿ 16 ಹಾಸಿಗೆಗಳು, ಎರಡು ಆಪರೇಷನ್ ಥಿಯೇಟರ್, ಐಸಿಯು, ಪ್ರಯೋಗಾಲಯ, ಸಿ.ಟಿ. ಸ್ಕ್ಯಾನರ್, ಎಕ್ಸ್-ರೇ, ಹಲ್ಲಿನ ಚಿಕಿತ್ಸಾಲಯ, ಸೋಂಕಿತರಿಗೆ ಪ್ರತ್ಯೇಕ ವಾರ್ಡ್ ಎಲ್ಲ ಇವೆ. ನಮ್ಮ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಷ್ಟು ಸೌಕರ್ಯ ಸಿಗದು.

ನೆಲದ ಆಸ್ಪತ್ರೆಗೂ ಸಿಕ್ ಬೇಗೂ ಇರುವ ವ್ಯತ್ಯಾಸ ಒಳಗೆ ಕಾಲಿಟ್ಟ ಕೂಡಲೇ ಗೊತ್ತಾಗುತ್ತದೆ. ಅಲ್ಲಿ ಸುಮ್ಮನೆ ಇಟ್ಟ ವಸ್ತು ಯಾವುದೂ ಇರುವುದಿಲ್ಲ. ಮಂಚವನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿರುತ್ತಾರೆ, ರೋಗಿ ಉರುಳದಂತೆ ಅಂಚು ಎತ್ತರಿಸಿ ಪಟ್ಟಿ ಕಟ್ಟಿರುತ್ತಾರೆ. ಕಪಾಟಿನ ಪ್ರತಿ ಬಾಗಿಲಿಗೂ ಚಿಲಕ, ಆಕ್ಸಿಜನ್ ಸಿಲಿಂಡರಿಗೆ ಕಬ್ಬಿಣದ ಹಿಡಿಕೆ, ಔಷಧದ ಸೀಸೆಗಳಿಗೆ ಅಳತೆಗೆ ಕೊರೆದ ಗೂಡು. ಮುಂಗಾರಿನ ಅರಬ್ಬಿ ಸಮುದ್ರದಲ್ಲಿ ಹಡಗು ಹೊಯ್ದಾಡುವಾಗ ಸೂಜಿ ಹಾಕಲು ನರ ಹುಡುಕುವುದೇ ಒಂದು ವಿದ್ಯೆ. ವೈದ್ಯರು ಒಂದು ಕಾಲನ್ನು ಮಂಚದ ಬುಡಕ್ಕೆ ಒತ್ತಿ ನಿಂತು, ಹಡಗು ಎರಡು ಅಲೆಗಳ ನಡುವೆ ಸ್ವಲ್ಪ ಸಮಸ್ಥಿತಿಗೆ ಬರುವ ಗಳಿಗೆಗೆ ಕಾಯಬೇಕು.

ಹಾಗೆಂದು ಹಡಗಿನ ವೈದ್ಯರ ದಿನವೆಲ್ಲ ಗಾಯ ಹೊಲಿಯುವುದರಲ್ಲೇ ಕಳೆಯುವುದಿಲ್ಲ. ಹೆಚ್ಚಿನ ಹೊತ್ತು ಹೋಗುವುದು ಕಾಯಿಲೆ ಬಾರದಂತೆ ನೋಡಿಕೊಳ್ಳುವುದರಲ್ಲಿ. ಅಡುಗೆಮನೆಯ ತಪಾಸಣೆ ಅವರ ಕೆಲಸ. ಅಡುಗೆಯವನ ಬೆರಳಿನ ಗಾಯವೊಂದು ಕೀವಾದರೆ ನೂರಾರು ಜನ ಒಟ್ಟಿಗೆ ಮಲಗುತ್ತಾರೆ. ಕುಡಿಯುವ ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ನೋಡಬೇಕು. ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವರಿ ಕುಸಿಯುವವರಿದ್ದಾರೆ, ಅದೇ ಗದ್ದಲದಲ್ಲಿ ನಿಧಾನಕ್ಕೆ ಕಿವಿ ಕಳೆದುಕೊಳ್ಳುವವರಿದ್ದಾರೆ, ಒದ್ದೆ ಬಟ್ಟೆಯಿಂದ ಚರ್ಮದ ಸೋಂಕು ಹತ್ತಿಸಿಕೊಳ್ಳುವವರಿದ್ದಾರೆ. ಬಂದರಿಗೆ ಬಂದಾಗ ಬೇರೆ ಚಿಂತೆ. ಮಳೆಗಾಲದ ಮಂಗಳೂರು ಎಂದರೆ ಮಲೇರಿಯಾ ಎಂದು ಊರಿನವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಲಂಗರು ಹಾಕಿದ ಹಡಗಿನಿಂದ ಸಂಜೆ ಪೇಟೆಗೆ ಹೋಗಿಬಂದ ನಾವಿಕನಿಗೆ ಜ್ವರ ಬರುವುದು ಹಡಗು ನಡುಗಡಲಿಗೆ ತಲುಪಿದ ಮೇಲೆ. ಹಾಗಾಗಿ ಸೊಳ್ಳೆಯ ಮಾತನ್ನು ಬಂದರಿನಲ್ಲೇ ಎತ್ತುವವರು ಒಳ್ಳೆಯ ವೈದ್ಯರು.

ಯುದ್ಧದ ಸ್ಥಿತಿ ಬಂದರೆ ಈ ಕೋಣೆಯ ರೂಪ ಬದಲಾಗುತ್ತದೆ. ಒಂದೇ ಏಟಿಗೆ ಎಲ್ಲ ವೈದ್ಯಕೀಯ ಸಾಮಗ್ರಿ ನಾಶವಾಗಬಾರದೆಂದು ಔಷಧ, ಸ್ಟ್ರೆಚರ್, ರಕ್ತ ನಿಲ್ಲಿಸುವ ಪಟ್ಟಿಗಳನ್ನು ಹಡಗಿನ ಮುಂಭಾಗ ಹಿಂಭಾಗಗಳಲ್ಲಿ ಹಂಚಿಡುತ್ತಾರೆ. ಅಧಿಕಾರಿಗಳ ಊಟದ ಕೋಣೆಯ ಮೇಜು ಶಸ್ತ್ರಚಿಕಿತ್ಸೆಯ ಮೇಜಾಗಬಹುದು. ಅಡುಗೆಯವರು, ಗುಮಾಸ್ತರು ಸ್ಟ್ರೆಚರ್ ಹೊರುವವರಾಗುತ್ತಾರೆ. ಅವರಿಗೆಲ್ಲ ಶಾಂತಿಯ ದಿನಗಳಲ್ಲೇ ಪ್ರಥಮ ಚಿಕಿತ್ಸೆ ಕಲಿಸಿಟ್ಟಿರುವ ಹೊಣೆಯೂ ಅದೇ ವೈದ್ಯಾಧಿಕಾರಿಯದು.

ಸ್ಟ್ರೆಚರಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು. ಹಡಗಿನ ಏಣಿಗಳು ಕಡಿದಾದವು, ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ಏರುವ ಕಿಂಡಿ ಒಬ್ಬರು ನುಸುಳುವಷ್ಟೇ ಅಗಲ. ಅಲ್ಲಿ ಆಸ್ಪತ್ರೆಯ ಚಕ್ರದ ಮಂಚ ಕೆಲಸಕ್ಕೆ ಬಾರದು. ಅದಕ್ಕೆಂದೇ ಇರುವುದು ನೀಲ್ ರಾಬರ್ಟ್‌ಸನ್ ಸ್ಟ್ರೆಚರ್. ದಪ್ಪ ಕ್ಯಾನ್ವಾಸ್ ಬಟ್ಟೆಗೆ ಉದ್ದುದ್ದ ಬಿದಿರಿನ ದಬ್ಬೆಗಳನ್ನು ಹೊಲಿದಿರುತ್ತಾರೆ. ಗಾಯಾಳುವನ್ನು ಅದರ ಮೇಲೆ ಮಲಗಿಸಿ, ಎರಡೂ ಕಡೆಯಿಂದ ಮಡಚಿ, ಎದೆ, ಸೊಂಟ, ತೊಡೆಗಳ ಮೇಲೆ ಪಟ್ಟಿ ಬಿಗಿದರೆ ಇಡೀ ದೇಹ ಒಂದೇ ದಿಮ್ಮಿಯಂತೆ ನೆಟ್ಟಗಾಗುತ್ತದೆ. ಹಣೆಗೂ ಒಂದು ಪಟ್ಟಿ, ತಲೆ ಅಲುಗದಂತೆ. ಆಮೇಲೆ ಮೇಲಿನ ಕೊಂಡಿಗೆ ಹಗ್ಗ ಹಾಕಿ ನೆಟ್ಟಗೆ ಮೇಲಕ್ಕೆ ಎಳೆಯಬಹುದು. ಕಾಲ ಬುಡಕ್ಕೆ ಕಟ್ಟಿದ ಇನ್ನೊಂದು ಹಗ್ಗ ಹಿಡಿದು ಕೆಳಗಿರುವವರು ಗೋಡೆಗೆ ತಾಗದಂತೆ ನೋಡಿಕೊಳ್ಳುತ್ತಾರೆ. ನೂರು ವರ್ಷಕ್ಕೂ ಹಳೆಯ ವಿನ್ಯಾಸ. ಇಷ್ಟೆಲ್ಲ ಯಂತ್ರ ಬಂದ ಮೇಲೂ ಹಡಗುಗಳಲ್ಲಿ ಅದರ ಜಾಗ ಉಳಿದಿದೆ.

ಗಾಯಾಳುವನ್ನು ಹಡಗಿನಲ್ಲೇ ಇಟ್ಟುಕೊಳ್ಳಬೇಕೇ, ದಡಕ್ಕೆ ಕಳಿಸಬೇಕೇ? ವೈದ್ಯರು ಸಲಹೆ ಕೊಡುತ್ತಾರೆ, ಕ್ಯಾಪ್ಟನ್ ತೀರ್ಮಾನಿಸುತ್ತಾರೆ. ಅಪೆಂಡಿಸೈಟಿಸ್ ಶಂಕೆ, ಎದೆನೋವು, ತಲೆಗೆ ಪೆಟ್ಟು ಇಂಥವು ಕಾಯಲು ಬಿಡುವುದಿಲ್ಲ. ಉಪಗ್ರಹ ಸಂಪರ್ಕದ ಮೂಲಕ ದಡದ ತಜ್ಞರನ್ನು ಕೇಳಬಹುದು. ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಒಂದೇ ಪ್ರಶ್ನೆಗೆ: ಹೆಲಿಕಾಪ್ಟರ್ ಹಾರಿಬಂದು ಹಿಂತಿರುಗುವಷ್ಟು ಹತ್ತಿರ ಇದ್ದೇವೆಯೇ?

ಆಕಾಶದಲ್ಲೊಂದು ಐಸಿಯು, ಕಾರವಾರದಲ್ಲೊಂದು ಆಸ್ಪತ್ರೆ

ಆ ಹೆಲಿಕಾಪ್ಟರ್ ಹೆಚ್ಚಾಗಿ ನಮ್ಮ ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಎಲ್‌ಎಚ್. 2021ರ ಮೇ ತಿಂಗಳಲ್ಲಿ ಗೋವಾದ ಐಎನ್‌ಎಸ್ ಹಂಸ ನೆಲೆಯ ಎಎಲ್‌ಎಚ್ ಮಾರ್ಕ್ 3 ಹೆಲಿಕಾಪ್ಟರಿನೊಳಗೆ ಎಚ್‌ಎಎಲ್ ಒಂದು ಪೂರ್ಣ ತೀವ್ರ ನಿಗಾ ಘಟಕವನ್ನೇ ಜೋಡಿಸಿತು. ಡಿಫಿಬ್ರಿಲೇಟರ್, ಮಾನಿಟರ್, ವೆಂಟಿಲೇಟರ್, ಔಷಧ ತೊಟ್ಟಿಕ್ಕಿಸುವ ಪಂಪುಗಳು, ಜೊತೆಗೆ ಗಂಟಲಿನ ಸ್ರಾವ ಹೀರುವ ಸಾಧನ. ಮೊದಲಾದರೆ ಹೆಲಿಕಾಪ್ಟರಿನ ಕೆಲಸ ರೋಗಿಯನ್ನು ಬೇಗ ತರುವುದಷ್ಟೇ ಆಗಿತ್ತು. ಈಗ ಹಾರುವ ಹೊತ್ತಿನಲ್ಲೂ ಚಿಕಿತ್ಸೆ ನಿಲ್ಲುವುದಿಲ್ಲ.

ಕರ್ನಾಟಕದ ಕಡಲಿಗೆ ನೌಕಾಪಡೆಯ ದೊಡ್ಡ ಆಸರೆ ಕಾರವಾರದ ಐಎನ್‌ಎಚ್‌ಎಸ್ ಪತಂಜಲಿ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು; 2005ರ ಮೇ 31ರಂದು ಐಎನ್‌ಎಸ್ ಕದಂಬ ನೆಲೆ ಸೇವೆಗೆ ಬಂತು. ಅಲ್ಲಿನ ನಾವಿಕರಿಗೂ ಅವರ ಕುಟುಂಬಗಳಿಗೂ ಪತಂಜಲಿಯೇ ಆಸ್ಪತ್ರೆ. 2019ರ ಏಪ್ರಿಲ್ 26ರಂದು ವಿಮಾನವಾಹಕ ಐಎನ್‌ಎಸ್ ವಿಕ್ರಮಾದಿತ್ಯ ಕಾರವಾರ ಬಂದರು ಪ್ರವೇಶಿಸುವಾಗ ಬೆಂಕಿ ಹತ್ತಿತು. ಅದನ್ನು ಆರಿಸಲು ಮುಂದಾಗಿ ನಿಂತ ಯುವ ಅಧಿಕಾರಿಯೊಬ್ಬರು ಹೊಗೆಯಿಂದ ಪ್ರಜ್ಞೆ ತಪ್ಪಿದರು. ಅವರನ್ನು ಕಾರವಾರದ ನೌಕಾ ಆಸ್ಪತ್ರೆಗೆ ಒಯ್ದರೂ ಉಳಿಸಿಕೊಳ್ಳಲಾಗಲಿಲ್ಲ. ಹಡಗಿನಲ್ಲಿ ಬೆಂಕಿಗಿಂತ ಹೊಗೆಯೇ ಹೆಚ್ಚು ಜೀವ ತೆಗೆಯುತ್ತದೆಂದು ನೌಕಾ ವೈದ್ಯರು ಹೇಳುವುದು ಸುಮ್ಮನಲ್ಲ.

ಕೋವಿಡ್ ಬಂದ ಮೊದಲ ತಿಂಗಳುಗಳಲ್ಲಿ ಇದೇ ಪತಂಜಲಿ ನಾಗರಿಕರಿಗೆ ಬಾಗಿಲು ತೆರೆಯಿತು. 2020ರ ಮಾರ್ಚ್–ಏಪ್ರಿಲ್‌ನಲ್ಲಿ ಉತ್ತರ ಕನ್ನಡದ, ಅದರಲ್ಲೂ ಭಟ್ಕಳ ಕಡೆಯ, ಸೋಂಕಿತರನ್ನು ಜಿಲ್ಲಾಡಳಿತ ಅಲ್ಲಿಗೆ ಕಳಿಸಿತು. ದೊಡ್ಡ ಆಸ್ಪತ್ರೆಗೆ ಮಂಗಳೂರು, ಮಣಿಪಾಲ, ಗೋವಾ ಎಂದು ಓಡಬೇಕಾದ ಜಿಲ್ಲೆಗೆ ಅದೊಂದು ದೊಡ್ಡ ನೆರವು.

ಮಂಗಳೂರಿನಿಂದ ದಕ್ಷಿಣಕ್ಕೆ ಹೋದರೆ, ಕಾಸರಗೋಡು ದಾಟಿ ಪಯ್ಯನ್ನೂರಿನ ಬಳಿ ಎಳಿಮಲದ ನೌಕಾ ಅಕಾಡೆಮಿಯಲ್ಲಿ ಐಎನ್‌ಎಚ್‌ಎಸ್ ನವಜೀವನಿ ಇದೆ. ಇನ್ನೂ ಕೆಳಗೆ ಕೊಚ್ಚಿಯಲ್ಲಿ ಸಂಜೀವನಿ. ಗೋವಾದಲ್ಲಿ ಜೀವಂತಿ. ಇವೆಲ್ಲಕ್ಕೂ ಮೇಲಿನದು ಮುಂಬೈ ಕೊಲಾಬಾದ ಐಎನ್‌ಎಚ್‌ಎಸ್ ಅಶ್ವಿನಿ. ಆಳಕ್ಕಿಳಿದ ಮುಳುಗುಗಾರರು ಬೇಗನೆ ಮೇಲೆ ಬಂದಾಗ ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಏಳುವ ಕಾಯಿಲೆಗೆ ಒತ್ತಡದ ಕೋಣೆಯಲ್ಲಿಟ್ಟು ಕೊಡುವ ಚಿಕಿತ್ಸೆಯಂಥ ನೌಕಾ ವೈದ್ಯವಿದ್ಯೆಯನ್ನು ಕಲಿಸುವ ಸಂಸ್ಥೆ ಇರುವುದೂ ಅಲ್ಲೇ.

ಬಿಳಿ ಬಣ್ಣ ಬಳಿದು ಕೆಂಪು ಶಿಲುಬೆ ಬರೆದ ಆಸ್ಪತ್ರೆ ಹಡಗನ್ನು ಸಿನಿಮಾದಲ್ಲಿ ಕಂಡವರಿದ್ದೀರಿ. 1949ರ ಎರಡನೆಯ ಜಿನೀವಾ ಒಪ್ಪಂದದ ಪ್ರಕಾರ ಅಂಥ ಹಡಗಿನ ಮೇಲೆ ದಾಳಿ ಮಾಡುವಂತಿಲ್ಲ, ಅದೂ ಯುದ್ಧದ ಕೆಲಸಕ್ಕೆ ಕೈಹಾಕುವಂತಿಲ್ಲ; ಗಾಯಾಳು ಯಾವ ದೇಶದವನಾದರೂ ಚಿಕಿತ್ಸೆ ಕೊಡಬೇಕು. ಅಂಥ ಮೀಸಲು ಹಡಗಿನ ಬದಲು ಭಾರತ ಅಗತ್ಯ ಬಿದ್ದಾಗ ಬೇರೆ ನೌಕೆಯನ್ನೇ ಆಸ್ಪತ್ರೆಯಾಗಿ ಬದಲಾಯಿಸಿಕೊಳ್ಳುತ್ತದೆ. 2004ರ ಡಿಸೆಂಬರಿನ ಸುನಾಮಿಯ ನಂತರ ಸಮುದ್ರ ಸಮೀಕ್ಷೆಯ ಹಡಗು ಐಎನ್‌ಎಸ್ ನಿರೂಪಕ್ ಹಾಗೆ ಆಸ್ಪತ್ರೆಯಾಗಿ ಇಂಡೋನೇಷ್ಯಾಕ್ಕೆ ಹೋಯಿತು. 2024ರಲ್ಲಿ ಸೇವೆಗೆ ಬಂದ ಸಮೀಕ್ಷಾ ನೌಕೆ ಐಎನ್‌ಎಸ್ ಸಂಧಾಯಕ್‌ಗೂ ಈ ಎರಡನೆಯ ಪಾತ್ರವಿದೆ.

ನೆಲದ ಮೇಲಿನ ದಾರಿ

ಭೂಸೇನೆಯಲ್ಲಿ ಈ ಕೈ ದಾಟಿಸುವ ಕ್ರಮ ಹೇಗಿರುತ್ತದೆಂದು ಕನ್ನಡಿಗರು ಒಮ್ಮೆ ಉಸಿರು ಬಿಗಿಹಿಡಿದು ನೋಡಿದ್ದಾರೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಸೋನಂ ಪೋಸ್ಟಿನ ಮೇಲೆ ಹಿಮ ಕುಸಿದು 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಆರು ದಿನಗಳ ಮೇಲೆ, 25 ಅಡಿಗೂ ಹೆಚ್ಚು ಆಳದಿಂದ, ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಜೀವಂತವಾಗಿ ಸಿಕ್ಕಿದರು.

ಆಗ ಏನು ನಡೆಯಿತೆಂಬುದನ್ನು ಹಂತ ಹಂತವಾಗಿ ನೋಡಿ. ಯಾರಾದರೂ ಬದುಕಿರಬಹುದೆಂಬ ನಂಬಿಕೆಯಿಂದ ವೈದ್ಯರು ಅಷ್ಟೂ ದಿನ ಆ ಎತ್ತರದಲ್ಲೇ ಕಾದಿದ್ದರು. ಹೊರತೆಗೆದ ಕೂಡಲೇ ಬೆಚ್ಚಗಿನ ಡ್ರಿಪ್, ಬೆಚ್ಚಗಿನ ತೇವದ ಆಕ್ಸಿಜನ್ ಕೊಟ್ಟರು. ಮೈಯನ್ನು ನಿಧಾನವಾಗಿ ಹೊರಗಿನಿಂದ ಬೆಚ್ಚಗಾಗಿಸಿದರು. ಹಿಮಗಟ್ಟಿದ ದೇಹವನ್ನು ಅವಸರದಲ್ಲಿ ಕಾಯಿಸಿದರೆ ಹೃದಯದ ಲಯ ತಪ್ಪುತ್ತದೆ, ಅದಕ್ಕೇ ಈ ನಿಧಾನ. ಬೆಳಗಾದ ಮೇಲೆ ಹೆಲಿಕಾಪ್ಟರಿನಲ್ಲಿ ಬೇಸ್ ಕ್ಯಾಂಪಿಗೆ, ಅಲ್ಲಿಂದ ತಜ್ಞ ವೈದ್ಯರೊಬ್ಬರ ಜೊತೆ ಥೋಯಿಸ್ ವಾಯುನೆಲೆಗೆ, ಅಲ್ಲಿಂದ ವಾಯುಪಡೆಯ ತೀವ್ರ ನಿಗಾ ತಜ್ಞರ ಕಣ್ಗಾವಲಿನಲ್ಲಿ ವಿಮಾನದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ. ಫೆಬ್ರುವರಿ 11ರಂದು ಹನುಮಂತಪ್ಪ ತೀರಿಕೊಂಡರು. ಆದರೆ 19,600 ಅಡಿಯ ಹಿಮದಿಂದ ದೆಹಲಿಯ ಹಾಸಿಗೆಯವರೆಗೆ ಆ ಜೀವವನ್ನು ಒಂದು ಗಳಿಗೆಯೂ ವೈದ್ಯರ ಕೈತಪ್ಪಲು ಬಿಡದೆ ತಂದದ್ದು ಸಣ್ಣ ಮಾತಲ್ಲ.

ಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ ಮೊದಲ ಹಂತ ರೆಜಿಮೆಂಟಲ್ ಏಡ್ ಪೋಸ್ಟ್, ಅಲ್ಲಿರುವುದು ಬೆಟಾಲಿಯನ್ನಿನ ವೈದ್ಯ, ಅಂದರೆ ಆರ್‌ಎಂಒ. ಆರ್‌ಎಂಒ ಎಂದರೆ ಜವಾನರಿಗೆ ತಮ್ಮವರೇ. ಅವರೊಡನೆ ಗುಡ್ಡ ಹತ್ತುತ್ತಾರೆ, ಅವರ ಲಂಗರಿನಲ್ಲೇ ಉಣ್ಣುತ್ತಾರೆ. ಅದರ ಹಿಂದೆ ಮುಂಚೂಣಿಯ ಡ್ರೆಸ್ಸಿಂಗ್ ಸ್ಟೇಷನ್, ರಕ್ತಸ್ರಾವ ನಿಲ್ಲಿಸುವಷ್ಟು ಮಾತ್ರ ಶಸ್ತ್ರಚಿಕಿತ್ಸೆ ಮಾಡುವ ಸರ್ಜಿಕಲ್ ತಂಡ, ಆಮೇಲೆ ಫೀಲ್ಡ್ ಆಸ್ಪತ್ರೆ, ನಂತರ ಊರೊಳಗಿನ ಮಿಲಿಟರಿ ಆಸ್ಪತ್ರೆ, ಕೊನೆಗೆ ಕಮಾಂಡ್ ಆಸ್ಪತ್ರೆ. ಬೇಕಿದ್ದರೆ ಈ ಇಡೀ ವ್ಯವಸ್ಥೆಯನ್ನು ವಿಮಾನಕ್ಕೆ ತುಂಬಿ ಒಯ್ಯಬಹುದು. 2023ರ ಫೆಬ್ರುವರಿಯ ಭೂಕಂಪದ ನಂತರ 60 ಪ್ಯಾರಾ ಫೀಲ್ಡ್ ಆಸ್ಪತ್ರೆ ಟರ್ಕಿಯ ಇಸ್ಕಂದರುನ್‌ನಲ್ಲಿ ಹಾಗೆಯೇ ಕೆಲಸ ಮಾಡಿತು.

ಕರ್ನಾಟಕದ ನೆಲದಲ್ಲಿ ಬೆಂಗಳೂರಿನ ಹಳೇ ವಿಮಾನ ನಿಲ್ದಾಣ ರಸ್ತೆಯ ವಾಯುಪಡೆ ಕಮಾಂಡ್ ಆಸ್ಪತ್ರೆ ದೊಡ್ಡದು. ಅದರ ಬಳಿಯೇ 1957ರಲ್ಲಿ ಶುರುವಾದ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. ಪೈಲಟ್‌ಗಳ ದೇಹ ಎಷ್ಟು ಒತ್ತಡ ತಾಳುತ್ತದೆಂದು ಅಳೆಯುವ ಇದೇ ಸಂಸ್ಥೆ ಗಗನಯಾನಕ್ಕೆ ಹೋಗುವವರನ್ನೂ ಪರೀಕ್ಷಿಸಿ ಆರಿಸಿತು. ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನ ಕೇಂದ್ರವಿರುವುದರಿಂದ ಅಲ್ಲೊಂದು ಮಿಲಿಟರಿ ಆಸ್ಪತ್ರೆ ಇದೆ.

ಮಂಗಳೂರಿಗೆ ಇದರಿಂದೇನು?

ಪಣಂಬೂರಿನಲ್ಲಿ ಕರ್ನಾಟಕದ ಕೋಸ್ಟ್ ಗಾರ್ಡ್ ಜಿಲ್ಲಾ ಕೇಂದ್ರವಿದೆ. 2019ರ ಮಾರ್ಚ್ 15ರ ರಾತ್ರಿ ಸಂಶೋಧನಾ ನೌಕೆ ಸಾಗರ್ ಸಂಪದದಲ್ಲಿ ಬೆಂಕಿ ಕಾಣಿಸಿಕೊಂಡಾಗ 16 ವಿಜ್ಞಾನಿಗಳೂ ಸೇರಿ 46 ಮಂದಿಯ ನೆರವಿಗೆ ಧಾವಿಸಿದ್ದು ಕೋಸ್ಟ್ ಗಾರ್ಡ್ ಹಡಗುಗಳು. 2021ರ ಮೇ 17ರಂದು, ತೌಕ್ತೆ ಚಂಡಮಾರುತದಲ್ಲಿ ಮುಲ್ಕಿ–ಕಾಪು ಕಡಲಿನ ಬಂಡೆಗೆ ಸಿಲುಕಿದ್ದ ಟಗ್ಗಿನ ಒಂಬತ್ತು ಮಂದಿಯಲ್ಲಿ ಐವರನ್ನು ಕೋಸ್ಟ್ ಗಾರ್ಡಿನ ವರಾಹ ಹಡಗಿನವರೂ ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರಿನವರೂ ಪಾರುಮಾಡಿದರು. ಅದಕ್ಕೂ ಕೆಲವೇ ದಿನ ಮುಂಚೆ, ಮೇ 5ರಂದು, ಬಹರೈನ್‌ನಿಂದ 40 ಟನ್ ದ್ರವ ವೈದ್ಯಕೀಯ ಆಮ್ಲಜನಕ ಹೊತ್ತ ಐಎನ್‌ಎಸ್ ತಲ್ವಾರ್ ಇದೇ ಬಂದರಿಗೆ ಬಂದಿತ್ತು. ಕೋವಿಡ್‌ನಿಂದಾಗಿ ಊರೂರಲ್ಲಿ ಜನ ಸಿಲಿಂಡರಿಗಾಗಿ ಅಲೆಯುತ್ತಿದ್ದ ವಾರವದು. ಕಡಲಿನಿಂದ ಗಾಯಾಳು ಬರುವ ಬಾಗಿಲಿನಲ್ಲೇ ಅಂದು ಉಸಿರು ಬಂತು.

ನಿವೃತ್ತ ಸೈನಿಕರಿಗೆ ಮಂಗಳೂರಿನಲ್ಲಿ ಇಸಿಎಚ್‌ಎಸ್ ಪಾಲಿಕ್ಲಿನಿಕ್ ಇದೆ. 2003ರ ಏಪ್ರಿಲ್ 1ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಕಾರ್ಡ್ ಹೊಂದಿದ ಮಾಜಿ ಸೈನಿಕರಿಗೂ ಅವಲಂಬಿತರಿಗೂ ಮೊದಲ ತಪಾಸಣೆ, ಔಷಧ ಇಲ್ಲೇ ಸಿಗುತ್ತದೆ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಪಾಲಿಕ್ಲಿನಿಕ್ ವೈದ್ಯರು ಬರೆದುಕೊಟ್ಟ ರೆಫರಲ್ ಹಿಡಿದು ಒಪ್ಪಂದದ ಖಾಸಗಿ ಆಸ್ಪತ್ರೆಗೆ ಹೋಗಬಹುದು, ಹಣ ಕಟ್ಟಬೇಕಿಲ್ಲ. ಹಲವರು ಎಡವುವುದು ತುರ್ತಿನಲ್ಲಿ. ಎದೆನೋವು ಬಂದಾಗ ರೆಫರಲ್‌ಗೆಂದು ಅಲೆಯಬೇಕಿಲ್ಲ, ನೇರವಾಗಿ ಹತ್ತಿರದ ಆಸ್ಪತ್ರೆ ಸೇರಿ. ಅದು ಒಪ್ಪಂದದಲ್ಲಿಲ್ಲದ ಆಸ್ಪತ್ರೆಯಾಗಿದ್ದರೆ ಮನೆಯವರು 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ವಯಸ್ಸಾದ ತಂದೆತಾಯಿ ಮಾತ್ರ ಇರುವ ಮನೆಗಳಲ್ಲಿ ಪಾಲಿಕ್ಲಿನಿಕ್ ನಂಬರನ್ನು ಪಕ್ಕದ ಮನೆಯವರ ಫೋನಿನಲ್ಲೂ ಹಾಕಿಡುವುದು ಒಳ್ಳೆಯದು.

ಈ ಸೇವೆಗೆ ಸೇರಬಯಸುವವರಿಗೆ ದಾರಿ ಹಲವು. 1948ರಲ್ಲಿ ಶುರುವಾದ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿಗೆ ನೀಟ್ ಮೂಲಕ ಪ್ರವೇಶ. ನಂತರ ಅಲ್ಲಿನದೇ ಪರೀಕ್ಷೆ, ಸಂದರ್ಶನ, ವೈದ್ಯಕೀಯ ತಪಾಸಣೆ. ಬೇರೆಡೆ ಎಂಬಿಬಿಎಸ್ ಮುಗಿಸಿದವರಿಗೆ ಶಾರ್ಟ್ ಸರ್ವಿಸ್ ಕಮಿಷನ್ ಇದೆ. ಹೆಣ್ಣುಮಕ್ಕಳಿಗೆ ಮಿಲಿಟರಿ ನರ್ಸಿಂಗ್ ಸರ್ವಿಸ್‌ನ ನಾಲ್ಕು ವರ್ಷದ ಬಿ.ಎಸ್‌ಸಿ. ನರ್ಸಿಂಗ್ ಇದೆ, ಅದರ ಕಾಲೇಜುಗಳಲ್ಲೊಂದು ಬೆಂಗಳೂರಿನ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ಓದು ಮುಗಿದ ಮೇಲೆ ಅಧಿಕಾರಿಯಾಗಿ ನೇಮಕ. ವಿದೇಶದ ಆಸ್ಪತ್ರೆಯ ಕನಸು ಕಾಣುವ ನಮ್ಮ ಊರಿನ ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಈ ದಾರಿಯನ್ನು ಕಾಲೇಜುಗಳೇ ಕರೆದು ಹೇಳಬೇಕು. ಪಿಯುಸಿಯಲ್ಲಿ ಭೌತ, ರಸಾಯನ, ಜೀವವಿಜ್ಞಾನ ಓದಿದ ಹುಡುಗರು ನರ್ಸಿಂಗ್ ಅಸಿಸ್ಟೆಂಟ್ ಅಥವಾ ನೌಕಾಪಡೆಯ ಮೆಡಿಕಲ್ ಅಸಿಸ್ಟೆಂಟ್ ಹುದ್ದೆಗೆ ಯತ್ನಿಸಬಹುದು. ಭೂಸೇನೆಯ ನೇಮಕಾತಿ ಕಚೇರಿ ಮಂಗಳೂರಿನಲ್ಲೇ ಇದೆ.

ಬೋಟಿನಿಂದ ನೆರವು ಕರೆಯುವಾಗ

ಕೊನೆಯದಾಗಿ ಮೀನುಗಾರಿಕೆ ಬೋಟು ನಡೆಸುವ ತಂಡೇಲರಿಗೆ ಬೇಕಾದ ಮಾತು. ಆಳಸಮುದ್ರದಲ್ಲಿ ಯಾರಿಗಾದರೂ ಜೀವಕ್ಕೆ ಅಪಾಯವಾದರೆ ವಿಎಚ್‌ಎಫ್ 16ನೇ ಚಾನೆಲ್ಲಿನಲ್ಲಿ ಕೂಗಿ, ಮೊಬೈಲ್ ಸಿಗ್ನಲ್ ಇದ್ದರೆ ಕೋಸ್ಟ್ ಗಾರ್ಡಿನ ಉಚಿತ ಸಂಖ್ಯೆ 1554ಕ್ಕೆ ಕರೆ ಮಾಡಿ. ಇಸ್ರೋ ರೂಪಿಸಿದ ಸಂಕಟ ಸೂಚಕ ಸಾಧನ ಬೋಟಿನಲ್ಲಿದ್ದರೆ ವೈದ್ಯಕೀಯ ನೆರವು ಬೇಕೆಂದು ತಿಳಿಸುವ ಆಯ್ಕೆ ಅದರಲ್ಲಿದೆ. ಕರೆ ಮುಂಬೈನ ಕಡಲ ರಕ್ಷಣಾ ಸಮನ್ವಯ ಕೇಂದ್ರಕ್ಕೋ ಪಣಂಬೂರಿನ ಉಪಕೇಂದ್ರಕ್ಕೋ ಮುಟ್ಟುತ್ತದೆ. ಹಡಗು ಕಳಿಸಬೇಕೇ, ಹೆಲಿಕಾಪ್ಟರ್ ಬೇಕೇ, ಹತ್ತಿರದಲ್ಲಿರುವ ಬೇರೆ ಹಡಗಿಗೆ ಹೇಳಬೇಕೇ ಎಂದು ಅವರು ತೀರ್ಮಾನಿಸುತ್ತಾರೆ.

ಆ ತೀರ್ಮಾನ ನೀವು ಕೊಡುವ ಮಾಹಿತಿಯನ್ನೇ ನೆಚ್ಚಿಕೊಂಡಿರುತ್ತದೆ. ಮೊದಲು ಜಿಪಿಎಸ್ ತೋರಿಸುವ ಅಕ್ಷಾಂಶ ರೇಖಾಂಶ ಓದಿ ಹೇಳಿ, ಆಮೇಲೆ ಬೋಟಿನ ಹೆಸರು, ನೋಂದಣಿ ಸಂಖ್ಯೆ, ಎಷ್ಟು ಜನ ಇದ್ದೀರಿ ಎಂಬುದು. ರೋಗಿಯ ವಯಸ್ಸೆಷ್ಟು, ಎಚ್ಚರ ಇದೆಯೇ, ಉಸಿರಾಟ ಸರಿಯಿದೆಯೇ, ರಕ್ತ ಹೋಗುತ್ತಿದೆಯೇ, ಯಾವಾಗ ಆದದ್ದು, ಯಾವ ಮಾತ್ರೆ ಕೊಟ್ಟಿದ್ದೀರಿ, ಸಕ್ಕರೆ ಕಾಯಿಲೆ ಬಿ.ಪಿ. ಇದೆಯೇ ಎಂಬುದನ್ನು ಕೇಳದೆಯೇ ಹೇಳಿ. ಗಾಳಿ, ಅಲೆ ಹೇಗಿದೆ, ಬೋಟು ದಡದ ಕಡೆಗೆ ಚಲಿಸಬಲ್ಲದೇ ಎಂದೂ ತಿಳಿಸಿ. ಅರ್ಧ ದಾರಿ ನೀವೇ ಬಂದರೆ ರೋಗಿಗೆ ಅಷ್ಟು ಸಮಯ ಉಳಿಯಿತು.

ಹೆಲಿಕಾಪ್ಟರ್ ಬರುವುದಾದರೆ ಬಲೆ, ಹಗ್ಗ, ಟಾರ್ಪಾಲು ಎಲ್ಲವನ್ನೂ ಕಟ್ಟಿಡಿ, ಎದ್ದು ನಿಂತ ಕಂಬಗಳನ್ನು ಆದಷ್ಟು ಮಲಗಿಸಿ. ರೋಗಿಗೆ ಲೈಫ್ ಜಾಕೆಟ್ ತೊಡಿಸಿ, ಗುರುತಿನ ಚೀಟಿಯನ್ನೂ ಕೊಟ್ಟ ಔಷಧದ ಹೆಸರು ಬರೆದ ಕಾಗದವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೈಗೆ ಕಟ್ಟಿ. ಮೇಲಿನಿಂದ ಇಳಿದ ಕೊಕ್ಕೆಯಲ್ಲಿ ಸ್ಥಿರ ವಿದ್ಯುತ್ ತುಂಬಿರುತ್ತದೆ. ಅದು ನೀರಿಗೋ ಬೋಟಿನ ಕಬ್ಬಿಣಕ್ಕೋ ತಾಗುವ ಮೊದಲು ಮುಟ್ಟಬೇಡಿ. ಆ ಹಗ್ಗವನ್ನು ಬೋಟಿನ ಯಾವ ಭಾಗಕ್ಕೂ ಕಟ್ಟಬೇಡಿ. ಕೆಳಗೆ ಇಳಿದುಬಂದ ಸಿಬ್ಬಂದಿ ಏನು ಹೇಳುತ್ತಾರೋ ಅಷ್ಟನ್ನು ಮಾತ್ರ ಮಾಡಿ.